ಸತ್ತ ಕುದುರೆಯ ಬಾಲಕ್ಕೂ ಬೆಲೆ: ಭಟ್ಕಳ–ಹೊನ್ನಾವರದ ಅಶ್ವವ್ಯಾಪಾರ ಮತ್ತು ವಾಸಿಯಾಗದ ಕಾಲು

ವಿಜಯನಗರದ ಕುದುರೆ ಕಡಲ ದಾರಿಯಲ್ಲಿ ಬಂತೆಂಬುದು ಶಾಲೆಯ ಪಾಠದಲ್ಲೇ ಇದೆ. ಪಾರಸಿ ಕೊಲ್ಲಿಯ ಬಾಯಲ್ಲಿರುವ ಹೋರ್ಮುಜ್‌ನಿಂದ ಹೊರಟ ಹಡಗುಗಳು ಮಳೆಗಾಲದ ಅಬ್ಬರ ಇಳಿಯುವ ಹೊತ್ತಿಗೆ ಭಟ್ಕಳಕ್ಕೋ ಹೊನ್ನಾವರಕ್ಕೋ ಮುಟ್ಟುತ್ತಿದ್ದವು; ಇಳಿದ ಕುದುರೆಗಳು ಘಟ್ಟ ಹತ್ತಿ ಹಂಪೆಯ ಕಡೆ ನಡೆಯುತ್ತಿದ್ದವು. ಪಾಠದಲ್ಲಿ ಬಾರದ ಪ್ರಶ್ನೆಯೊಂದಿದೆ. ಚೆನ್ನಾಗಿ ಸಾಕಿದ ಕುದುರೆ ಇಪ್ಪತ್ತು ವರ್ಷ ಮೀರಿ ಬದುಕುತ್ತದೆ. ಹಾಗಿದ್ದ ಮೇಲೆ, ಒಂದು ವರ್ಷ ಸಾವಿರಗಟ್ಟಲೆ ಕುದುರೆ ತರಿಸಿಕೊಂಡ ರಾಜ್ಯಕ್ಕೆ ಮರುವರ್ಷವೂ ಅಷ್ಟೇ ಕುದುರೆ ಯಾಕೆ ಬೇಕಾಯಿತು? ದಕ್ಷಿಣದ ಹವೆ ಒಗ್ಗಲಿಲ್ಲ, ತಳಿ ನಿಲ್ಲಲಿಲ್ಲ, ಯುದ್ಧದಲ್ಲಿ ಸತ್ತವು ಎಂಬುದು ರೂಢಿಯ ಉತ್ತರ. ಅದರಲ್ಲಿ ಸುಳ್ಳಿಲ್ಲ, ಆದರೆ ಪೂರ್ತಿಯೂ ಇಲ್ಲ. ನನ್ನ ವಾದ ಇಷ್ಟು: ಕುದುರೆಯ ಕಾಲು ಕೆಡುತ್ತಿತ್ತು, ಕೆಟ್ಟ ಕಾಲನ್ನು ವಾಸಿ ಮಾಡುವುದಕ್ಕಿಂತ ಹೊಸ ಕುದುರೆ ತರಿಸುವುದು ಆ ವ್ಯವಸ್ಥೆಗೆ ಸಲೀಸಾಗಿತ್ತು, ಯಾಕೆಂದರೆ ಕುದುರೆಯನ್ನು ಓಡಿಸುವವನು ಒಬ್ಬ, ಅದು ಕುಂಟಾದಾಗ ನಷ್ಟ ಹೊರುವವನು ಇನ್ನೊಬ್ಬ. ಇಂದು ಪ್ರಯೋಗಾಲಯಗಳಲ್ಲಿ ಅದೇ ಪ್ರಾಣಿಯ ಅದೇ ಕಾಲಿನ ಸ್ನಾಯುರಜ್ಜುವಿಗೆ ಜೀನ್ ಚಿಕಿತ್ಸೆ ಪರೀಕ್ಷೆಯಾಗುತ್ತಿದೆ. ಔಷಧ ಯಾವಾಗ ಹುಟ್ಟುತ್ತದೆ, ಯಾವಾಗ ಹುಟ್ಟುವುದಿಲ್ಲ ಎಂಬುದನ್ನು ತಿಳಿಯಲು ಉತ್ತರ ಕನ್ನಡದ ಈ ಹಳೆಯ ಲೆಕ್ಕವನ್ನು ಬಿಚ್ಚಿ ನೋಡುವುದು ಒಳ್ಳೆಯದು.

ಲೆಕ್ಕದ ಗಾತ್ರ ಸಣ್ಣದಲ್ಲ. 1340ರ ದಶಕದಲ್ಲಿ ಹೊನ್ನಾವರಕ್ಕೆ ಬಂದ ಪ್ರವಾಸಿ ಇಬ್ನ್ ಬತೂತಾ, ಇಲ್ಲಿನ ಒಡೆಯ ಜಮಾಲುದ್ದೀನ್ ವಿಜಯನಗರದ ಹರಿಹರನಿಗೆ ಅಧೀನನಾಗಿದ್ದುದನ್ನು ಬರೆದ. ಗೋವೆಯ ಮೇಲೆ ಹೊನ್ನಾವರದಿಂದ ಹೊರಟ ದಂಡಿನಲ್ಲಿ, ಸವಾರ ಹಡಗಿನೊಳಗೇ ಕುದುರೆ ಹತ್ತಿ ಹಿಂಬದಿಯಿಂದ ನೇರ ದಡಕ್ಕೆ ಇಳಿಯುವಂಥ ಹಡಗುಗಳಿದ್ದವು ಎಂಬ ಅವನ ಮಾತು, ಈ ಬಂದರಿಗೆ ಕುದುರೆ ಸಾಗಣೆಯ ಕಸುಬು ಎಷ್ಟು ಹಳೆಯದೆಂದು ತೋರಿಸುತ್ತದೆ. ಮುಂದಿನ ಶತಮಾನದಲ್ಲಿ ಹಾಡುವಳ್ಳಿಯ ಅರಸರ ಕೈಯಲ್ಲಿದ್ದ ಭಟ್ಕಳ ಮುಂದಾಯಿತು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಭಟ್ಕಳದ ದಾರಿಯಲ್ಲಿ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಸಾಗುತ್ತವೆ ಎಂದ. ಸುಮಾರು 1535ರಲ್ಲಿ ಬರೆದ ಕುದುರೆ ವ್ಯಾಪಾರಿ ಫೆರ್ನಾವೊ ನೂನಿಜ್, ಅರಸ ವರ್ಷಕ್ಕೆ ಹೋರ್ಮುಜ್‌ನ ಮತ್ತು ನಾಡ ತಳಿಯ ಕುದುರೆಗಳು ಸೇರಿ 13,000 ಕೊಳ್ಳುತ್ತಾನೆ ಎಂದ. ಸಂಖ್ಯೆ ಉಬ್ಬಿಸಿದ್ದೆಂದುಕೊಂಡು ಅರ್ಧಕ್ಕಿಳಿಸಿದರೂ ಪ್ರಶ್ನೆ ಉಳಿಯುತ್ತದೆ: ಹತ್ತು ವರ್ಷದ ಕುದುರೆಗಳೆಲ್ಲ ಎಲ್ಲಿ ಹೋದವು?

ಈ ಪ್ರಶ್ನೆಗೆ ವಿಜಯನಗರಕ್ಕೂ ಮೊದಲಿನವರೇ ಉತ್ತರ ಬರೆದಿಟ್ಟಿದ್ದಾರೆ. ಅದು ಬಂದದ್ದು ತಮಿಳು ಕರಾವಳಿಯ ಮಾಬಾರ್‌ನ ಬಗ್ಗೆ. 13ನೇ ಶತಮಾನದ ಕೊನೆಯಲ್ಲಿ ಅಲ್ಲಿಗೆ ಬಂದ ಮಾರ್ಕೊ ಪೋಲೊ, ಅರಸ ಮತ್ತವನ ಸೋದರರು ಸಾವಿರಗಟ್ಟಲೆ ಕುದುರೆ ಕೊಂಡರೂ ವರ್ಷ ಕಳೆಯುವಷ್ಟರಲ್ಲಿ ನೂರೂ ಉಳಿಯುವುದಿಲ್ಲ, ನೋಡಿಕೊಳ್ಳುವ ಬಗೆ ಗೊತ್ತಿಲ್ಲ, ಲಾಳ ಕಟ್ಟುವವರೂ ಮದ್ದು ಮಾಡುವವರೂ ಇಲ್ಲ, ಅಂಥವರು ಇಲ್ಲಿಗೆ ಬರದಂತೆ ವ್ಯಾಪಾರಿಗಳೇ ತಡೆಯುತ್ತಾರೆ ಎಂದ. ಪರ್ಷಿಯಾದ ಇತಿಹಾಸಕಾರ ವಸ್ಸಾಫ್ ಇನ್ನೂ ವಿವರಕ್ಕೆ ಇಳಿದ: ಬಂದ ಕುದುರೆಯನ್ನು ನಲವತ್ತು ದಿನ ಲಾಯದಲ್ಲಿ ಹಗ್ಗಗೂಟಗಳಿಗೆ ಕಟ್ಟಿ ಕೊಬ್ಬಿಸುತ್ತಾರೆ, ಆಮೇಲೆ ಯಾವ ಪಳಗಿಸುವಿಕೆಯೂ ಇಲ್ಲದೆ ಸೈನಿಕರು ಏರಿ ಹುಚ್ಚಾಪಟ್ಟೆ ಓಡಿಸುತ್ತಾರೆ, ಸ್ವಲ್ಪ ಕಾಲದಲ್ಲೇ ಚುರುಕಾದ ಕುದುರೆಯೂ ನಿಧಾನವಾಗಿ, ಸವಾರಿಗೆ ಬಾರದ್ದಾಗುತ್ತದೆ, ಅದಕ್ಕೇ ವರ್ಷವೂ ಹೊಸದು ಬೇಕು. ಇಲ್ಲಿ ಗಮನಿಸಬೇಕಾದ್ದು ವಸ್ಸಾಫನು ಸಾವಿನ ಬಗ್ಗೆ ಮಾತ್ರ ಹೇಳುತ್ತಿಲ್ಲ ಎಂಬುದು. ಬದುಕಿದ್ದೂ ಓಡಲಾರದ ಕುದುರೆಯ ಚಿತ್ರ ಅದು.

ಓಡುವ ಕುದುರೆಯ ದೇಹದಲ್ಲಿ ಮೊದಲು ಸೋಲುವುದು ಏನು? ಇಂದಿನ ಪಶುವೈದ್ಯರನ್ನು ಕೇಳಿದರೆ ಮುಂಗಾಲಿನ ಹಿಂಬದಿಯ ಮಡಚುವ ಸ್ನಾಯುರಜ್ಜುವನ್ನು ಮೊದಲ ಸಾಲಿನಲ್ಲೇ ಹೆಸರಿಸುತ್ತಾರೆ. ಕುದುರೆಗೆ ಮೊಣಕಾಲಿನ ಕೆಳಗೆ ಸ್ನಾಯು ಇಲ್ಲವೆಂದೇ ಹೇಳಬಹುದು. ಅಲ್ಲಿರುವುದು ಮೂಳೆ ಮತ್ತು ಈ ರಜ್ಜುಗಳು. ನಾಗಾಲೋಟದಲ್ಲಿ ಈ ರಜ್ಜು ತನ್ನ ಉದ್ದದ ಶೇಕಡಾ 16ರವರೆಗೂ ಹಿಗ್ಗುತ್ತದೆ, ಅಂದರೆ ಹರಿಯುವ ಗಡಿಯ ಹತ್ತಿರಕ್ಕೆ ಹೋಗಿ ಬರುತ್ತದೆ. ಹಿಗ್ಗಿ ಕುಗ್ಗುವಾಗ ಸ್ವಲ್ಪ ಶಕ್ತಿ ಶಾಖವಾಗಿ ಉಳಿಯುತ್ತದೆ. ರಜ್ಜುವಿನ ನಡುಭಾಗ 45 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಯೇರಿದ್ದನ್ನು ಅಳೆಯಲಾಗಿದೆ. ಅದರಲ್ಲಿ ಜೀವಕೋಶ ಕಡಿಮೆ, ರಕ್ತ ಸಂಚಾರ ಕಡಿಮೆ. ಅದರ ಮುಖ್ಯ ನಾರಾದ ಕೊಲಾಜನ್ ಅರ್ಧದಷ್ಟು ಬದಲಾಗಲು ಹಿಡಿಯುವ ಕಾಲ ಸುಮಾರು 198 ವರ್ಷವೆಂದು 2010ರ ಒಂದು ಅಧ್ಯಯನ ಲೆಕ್ಕ ಹಾಕಿತು. ಕುದುರೆಯ ಆಯುಸ್ಸಿಗೆ ಹೋಲಿಸಿದರೆ ಅದು ಬದಲಾಗುವುದೇ ಇಲ್ಲ. ಬೆಳೆದ ಕುದುರೆಯ ರಜ್ಜು ಹೊಸ ದುಡಿಮೆಗೆ ಒಗ್ಗಿಕೊಳ್ಳುವುದು ಬಹಳ ಕಡಿಮೆ. ಚಿಕ್ಕಂದಿನಿಂದ ಅಳತೆ ಮೀರದೆ ಓಡಿಸಿ ಬೆಳೆಸಿದ ರಜ್ಜುವಷ್ಟೇ ಗಟ್ಟಿ. ಹಡಗಿನಲ್ಲಿ ವಾರಗಟ್ಟಲೆ ನಿಂತು, ಗೂಟಕ್ಕೆ ನಲವತ್ತು ದಿನ ಕಟ್ಟಿಸಿಕೊಂಡು, ಮೈತೂಕ ಏರಿಸಿಕೊಂಡು, ಸ್ನಾಯು ಸಡಿಲಾದ ಮೇಲೆ ಒಮ್ಮೆಲೇ ನಾಗಾಲೋಟಕ್ಕೆ ಬೀಳುವುದು: ಕುದುರೆಯ ಕಾಲು ಕೆಡಿಸಲು ಇದಕ್ಕಿಂತ ಒಳ್ಳೆಯ ವಿಧಾನವನ್ನು ಯಾರೂ ಯೋಚಿಸಲಾರರು.

ಇದಕ್ಕೆ ಆಕ್ಷೇಪಗಳಿವೆ. ವಸ್ಸಾಫ್ ಮಾಬಾರ್ ಕಂಡವನಲ್ಲ, ಪೋಲೊ ಹೇಳಿದ್ದು ವ್ಯಾಪಾರಿಗಳ ಮಾತು. ಪರದೇಶದವರಿಗೆ ಕುದುರೆ ಸಾಕಲು ಬಾರದು ಎಂಬ ಜಂಬವೂ ಅದರಲ್ಲಿದೆ. ಒಪ್ಪಬೇಕಾದ ಮಾತೇ. ಆದರೆ ಬೇರೆ ಬೇರೆ ನಾಡಿನ ಇಬ್ಬರು ಒಂದೇ ಬಗೆಯ ಕೊರತೆಯನ್ನು ಹೇಳಿದ್ದಾರೆ, ಮತ್ತು ವಸ್ಸಾಫನ ವಿವರದಲ್ಲಿ ದೇಹಶಾಸ್ತ್ರಕ್ಕೆ ಹೊಂದುವ ಕಾರಣಸರಣಿ ಇದೆ. ಬರೀ ಜಂಬಕ್ಕೆ ಆ ಸರಣಿ ಬೇಕಾಗಿರಲಿಲ್ಲ. ಎರಡನೆಯದು, ಕೊಬ್ಬಿಸುವ ಮೇವಿನಿಂದ ಗೊರಸಿನೊಳಗಿನ ಉರಿಯೂತವೂ ಹೊಟ್ಟೆಶೂಲೆಯೂ ಬರುತ್ತವೆ, ಎಲ್ಲವನ್ನೂ ರಜ್ಜುವಿನ ತಲೆಗೆ ಕಟ್ಟಬಾರದು ಎಂಬುದು. ಅದೂ ಸರಿ, ಗೊರಸೋ ರಜ್ಜುವೋ, ಕುದುರೆ ಸೋತದ್ದು ಕಾಲಿನಲ್ಲಿ ಎಂಬ ಮಾತು ಅದರಿಂದ ಗಟ್ಟಿಯಾಗುತ್ತದೆಯೇ ಹೊರತು ಸಡಿಲಾಗುವುದಿಲ್ಲ. ಮೂರನೆಯ ಆಕ್ಷೇಪ ಹೆಚ್ಚು ತೂಕದ್ದು: ವಿಜಯನಗರ ಮಾಬಾರ್ ಅಲ್ಲ. ಅರಮನೆಯಲ್ಲಿ ಕುದುರೆ ನೋಡಿಕೊಳ್ಳಲು 1,600 ಜನ, ಪಳಗಿಸಲು 300 ಜನ ಇದ್ದರೆಂದು ನೂನಿಜನೇ ಬರೆದಿದ್ದಾನೆ. ವಿದ್ಯೆಯೂ ಇತ್ತು. ಚಾಲುಕ್ಯ ದೊರೆ ಮೂರನೇ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಕುದುರೆಯ ಲಕ್ಷಣ, ಶಿಕ್ಷಣಗಳ ವಿಸ್ತಾರವಾದ ಚರ್ಚೆಯಿದೆ, ಅಶ್ವವೈದ್ಯವನ್ನು ಕುರಿತು ಅಭಿನವಚಂದ್ರ ಕನ್ನಡದಲ್ಲೇ ಗ್ರಂಥ ಬರೆದ. ಪ್ರಾಚೀನ ಅಶ್ವವೈದ್ಯ ಶಾಲಿಹೋತ್ರನ ಪರಂಪರೆ ಈ ದೇಶದ್ದೇ.

ಹಾಗಾದರೆ ವಿದ್ಯೆಯಿದ್ದೂ ಕುದುರೆ ಯಾಕೆ ಉಳಿಯಲಿಲ್ಲ? ನೂನಿಜನ ಬರಹದ ಎರಡು ಸಣ್ಣ ಸಂಗತಿಗಳಲ್ಲಿ ಉತ್ತರವಿದೆ. 15ನೇ ಶತಮಾನದ ಕೊನೆಯಲ್ಲಿ ಆಳಿದ ಸಾಳುವ ನರಸಿಂಹ, ಪರ್ದಾವ್ ಎಂಬ ಚಿನ್ನದ ನಾಣ್ಯದ ಲೆಕ್ಕದಲ್ಲಿ, ಸಾವಿರ ಪರ್ದಾವ್‌ಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದ. ಕಡಲಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಸಾಕು, ಬದುಕಿದ್ದ ಕುದುರೆಗೆ ಕೊಟ್ಟಷ್ಟೇ ಬೆಲೆ ಕೊಡುತ್ತಿದ್ದ. ಇದನ್ನು ಅರಸನ ಧಾರಾಳವೆಂದು ಓದುವುದು ರೂಢಿ. ಲೆಕ್ಕವಾಗಿ ಓದಿದರೆ, ಹಡಗಿನಲ್ಲಿ ಕುದುರೆಯನ್ನು ಜತನದಿಂದ ತರಬೇಕಾದ ಕಾರಣವೇ ವ್ಯಾಪಾರಿಗೆ ಇಲ್ಲವಾಯಿತು. ಎರಡನೆಯದು ಲಾಯದ ಸಂಗತಿ. ಅರಸನಿಂದ ಕುದುರೆ ಪಡೆದ ಸವಾರ, ಅದು ಸತ್ತಾಗ ರಾಜಮುದ್ರೆಯ ಬರೆಯಿದ್ದ ಚರ್ಮದ ತುಂಡನ್ನು ಲಾಯದ ಮುಖ್ಯಸ್ಥನಿಗೆ ಒಪ್ಪಿಸಿದರೆ ಇನ್ನೊಂದು ಕುದುರೆ ಸಿಗುತ್ತಿತ್ತು. ಹಾಗೆ ಕೊಡುತ್ತಿದ್ದದ್ದು ಬಹುಪಾಲು ಸಾವಿರ ಪರ್ದಾವ್‌ಗೆ ಹನ್ನೆರಡು ಹದಿನೈದರಂತೆ ಕೊಂಡ ನಾಡ ಕುದುರೆ. ಸತ್ತ ಕುದುರೆಗೆ ಬದಲಿ ಉಂಟು, ಕುಂಟುವ ಕುದುರೆಯನ್ನು ವರ್ಷವಿಡೀ ಮೇಯಿಸಿ ವಾಸಿ ಮಾಡಿದವನಿಗೆ ಏನೂ ಇಲ್ಲ. ಇನ್ನು ಅರಸನ ಬೊಕ್ಕಸಕ್ಕಾದರೂ ನಷ್ಟವಿತ್ತೇ? ಒಳ್ಳೆಯದನ್ನು ತಾನಿಟ್ಟುಕೊಂಡು ಉಳಿದ ನಾಡ ಕುದುರೆಗಳನ್ನು ಅರಸ ತನ್ನ ನಾಯಕರಿಗೆ ಸಾವಿರಕ್ಕೆ ಐದರಂತೆ ಮಾರುತ್ತಿದ್ದ, ಆ ಹಣದಲ್ಲೇ ಅರಬ್ಬಿ ಕುದುರೆಯ ಬಾಕಿ ತೀರುತ್ತಿತ್ತು, ಬೊಕ್ಕಸದಿಂದ ಒಂದು ಕಾಸೂ ಹೊರಬೀಳುತ್ತಿರಲಿಲ್ಲ ಎಂದು ನೂನಿಜ್ ಸ್ಪಷ್ಟವಾಗಿ ಹೇಳುತ್ತಾನೆ. ಹಾಗಾಗಿ ನಷ್ಟ ವ್ಯಾಪಾರಿಯಿಂದ ಅರಸನಿಗೆ, ಅರಸನಿಂದ ನಾಯಕನಿಗೆ ದಾಟಿತು. ನಾಯಕನ ಆದಾಯವೆಲ್ಲ ಭೂಮಿಯ ಕಂದಾಯವಾದ್ದರಿಂದ ಕೊನೆಗೆ ಬಂದು ಬಿದ್ದದ್ದು ಕುದುರೆಯ ಬೆನ್ನನ್ನೇ ಮುಟ್ಟದ ರೈತನ ಮೇಲೆ. ಗ್ರಂಥದಲ್ಲಿದ್ದ ವೈದ್ಯ ಲಾಯಕ್ಕಿಳಿದು ಬೆಳೆಯಲು ಬೇಕಾದ ಒತ್ತಾಯ ಈ ಸರಪಳಿಯ ಯಾವ ಕೊಂಡಿಯಲ್ಲೂ ಇರಲಿಲ್ಲ.

ಇಲ್ಲೊಂದು ರಾಜಕೀಯದ ಉತ್ತರವನ್ನೂ ಎದುರಿಸಬೇಕು. ಕುದುರೆ ಕೊಂಡದ್ದು ಬೇಕೆಂಬುದಕ್ಕಿಂತ ಹೆಚ್ಚಾಗಿ ಶತ್ರುವಿಗೆ ಸಿಗಬಾರದೆಂದು, ಆದ್ದರಿಂದ ವರ್ಷವರ್ಷದ ಖರೀದಿಗೆ ಕಾಲಿನ ರೋಗ ಕಾರಣವೇ ಅಲ್ಲ ಎಂದು ಯಾರಾದರೂ ವಾದಿಸಬಹುದು. ಪುರಾವೆ ಬಲವಾಗಿಯೇ ಇದೆ. ಕುದುರೆಯನ್ನು ಬಹಮನಿಗಳ ಕಡೆಗೆ ಮಾರಿದರೆಂಬ ಕಾರಣಕ್ಕೆ ವಿಜಯನಗರದ ಅಪ್ಪಣೆಯ ಮೇಲೆ ಹೊನ್ನಾವರ, ಭಟ್ಕಳಗಳ ಮುಸ್ಲಿಂ ವ್ಯಾಪಾರಿಗಳ ಕೊಲೆ ನಡೆಯಿತು, ಉಳಿದವರು ಗೋವೆಗೆ ಹೋಗಿ ನೆಲೆಸಿದರು ಎಂದು ಪೋರ್ಚುಗೀಸ್ ಇತಿಹಾಸಕಾರ ಬಾರೋಸ್ ಬರೆದಿದ್ದಾನೆ. ದೂರದೇಶದಿಂದ ಆನೆ ಕುದುರೆ ತರುವ ವರ್ತಕರಿಗೆ ಊರು, ಮನೆ, ಮನ್ನಣೆ ಕೊಟ್ಟು ಅವರು ಶತ್ರುಗಳ ಕಡೆ ಹೋಗದಂತೆ ನೋಡಿಕೊಳ್ಳಬೇಕೆಂಬ ನೀತಿಯನ್ನು ಕೃಷ್ಣದೇವರಾಯನ ತೆಲುಗು ಕಾವ್ಯ ‘ಆಮುಕ್ತಮಾಲ್ಯದ’ವೇ ಹೇಳುತ್ತದೆ. ಆದರೆ ಈ ಉತ್ತರ ನನ್ನ ವಾದವನ್ನು ಕೆಡವುವ ಬದಲು ಇನ್ನೊಂದು ಕಡೆಯಿಂದ ಎತ್ತಿಹಿಡಿಯುತ್ತದೆ. ಕೊಳ್ಳುವುದೇ ಗುರಿಯಾದಾಗ ಕೊಂಡದ್ದು ಎಷ್ಟು ದಿನ ಬಾಳಿತು ಎಂಬುದು ಯಾರಿಗೂ ಲೆಕ್ಕಕ್ಕೆ ಬಾರದು. ಬಂದರಿನ ಅಧಿಕಾರಿ, ಹಡಗಿನ ಒಡೆಯ, ಘಟ್ಟದ ಸುಂಕದವನು, ಎಲ್ಲರ ಆದಾಯವೂ ಬರುವ ಕುದುರೆಯ ತಲೆಗೆ ಕಟ್ಟಿದ್ದು, ಉಳಿಯುವ ಕುದುರೆಯ ಕಾಲಿಗಲ್ಲ.

ಎತ್ತಿನ ಕಥೆಯನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಕುದುರೆ ಏರಿದ ಘಟ್ಟವನ್ನೇ ಪಾಯೆಸ್ ಕಂಡ ಹೇರೆತ್ತುಗಳೂ ಏರಿಳಿದವು. ಮೂರು ಶತಮಾನ ಕಳೆದ ಮೇಲೆ ಕುಮಟಾ ಬಂದರು ಬೆಳೆದದ್ದೂ ಎತ್ತಿನ ಕಾಲಿನ ಮೇಲೆಯೇ: ಧಾರವಾಡ ಸೀಮೆಯ ಅರಳೆ ಘಟ್ಟ ಇಳಿದು ಇಲ್ಲಿ ಹಡಗು ಹತ್ತುತ್ತಿತ್ತು, ಮುಂಬಯಿಯ ಪೇಟೆಯಲ್ಲಿ ಅದಕ್ಕೆ ‘ಕುಮಟಾ’ ಎಂಬ ಹೆಸರೇ ಬಿತ್ತು, 1861–65ರ ಅಮೆರಿಕದ ಅಂತರ್ಯುದ್ಧದ ವರ್ಷಗಳಲ್ಲಿ ಅದರ ಬೆಲೆ ಗಗನಕ್ಕೇರಿತು. ಎತ್ತು ಕಾಲು ಉಳುಕಿಸಿಕೊಂಡು ಕೂತರೆ ಅದರ ಬಾಲ ತಂದವನಿಗೆ ಹಣ ಕೊಡುವ ಅರಸನಿರಲಿಲ್ಲ; ಆ ದಿನದ ಬಾಡಿಗೆ, ಆ ವರ್ಷದ ಉಳುಮೆ, ಎರಡೂ ಒಡೆಯನದೇ ನಷ್ಟ. ಹಾಗಾಗಿ ಎತ್ತಿಗೆ ವೈದ್ಯ ಹುಟ್ಟಿತು, ಉಳಿಯಿತು. ಚಾಲುಕ್ಯ ರಾಜಕುಮಾರ ಕೀರ್ತಿವರ್ಮ 12ನೇ ಶತಮಾನದಲ್ಲಿ ‘ಗೋವೈದ್ಯ’ ಬರೆದದ್ದು ಒಂದು ತುದಿ. ಊರೂರಿನ ನಾಟಿ ವೈದ್ಯರ ಸೊಪ್ಪು, ಪಟ್ಟು, ಬರೆ ಇನ್ನೊಂದು ತುದಿ. ಅವು ಎಲ್ಲವೂ ಫಲ ಕೊಟ್ಟವೆಂದಲ್ಲ, ಆದರೆ ಮಾಡಿ ನೋಡುವವರು ತಲೆಮಾರುಗಟ್ಟಲೆ ಇದ್ದರು. ಈ ಕರಾವಳಿಯಲ್ಲಿ ಕುದುರೆ ನಿಲ್ಲಲಿಲ್ಲ, ಹಾದುಹೋಯಿತು, ಅದಕ್ಕೇ ಮದ್ದೂ ನಿಲ್ಲಲಿಲ್ಲ ಎಂದು ಹೇಳಬಹುದು. ನಿಜ, ಆದರೆ ಅದು ನಿಂತ ಹಂಪೆಯಲ್ಲೂ ಸವಾರನಿಗೆ ಚರ್ಮದ ತುಂಡು ಒಪ್ಪಿಸುವ ದಾರಿ ತೆರೆದೇ ಇತ್ತು.

ಈ ಬಂದರುಗಳಲ್ಲಿ ಕುದುರೆಯ ಕಾಲಕ್ಕೆ ಕೊನೆ ಬಂದದ್ದು ಹೊರಗಿನಿಂದ, ಪೋರ್ಚುಗೀಸರಿಂದ. ವಾಸ್ಕೋ ಡ ಗಾಮಾ 1502ರಲ್ಲಿ ಭಟ್ಕಳದ ಮೇಲೆ ಕಪ್ಪ ಹೇರಿದ. 1505ರಲ್ಲಿ ಅಲ್ಮೇಡಾ ಹೊನ್ನಾವರದ ಹಡಗುಗಳಿಗೆ ಬೆಂಕಿಯಿಟ್ಟ. 1510ರಲ್ಲಿ ಹೊನ್ನಾವರದ ಕಡಲ ಮುಖಂಡ ತಿಮ್ಮೋಜನ ಬೆಂಬಲದಿಂದಲೇ ಅಲ್ಬುಕರ್ಕ್ ಗೋವೆ ಹಿಡಿದ. ಆಮೇಲೆ ಹೋರ್ಮುಜ್‌ನ ಕುದುರೆ ಹಡಗುಗಳು ಗೋವೆಗೇ ಬರಬೇಕೆಂಬ ಕಟ್ಟುಪಾಡಾಯಿತು. ಹಿಂದೆ ಭಟ್ಕಳಕ್ಕೆ ಬರುತ್ತಿದ್ದ ಕುದುರೆ, ಮುತ್ತುಗಳು ಈಗ ಗೋವೆಗೆ ಹೋಗುತ್ತವೆ ಎಂದು 1516ರ ಸುಮಾರಿಗೆ ದುವಾರ್ತೆ ಬಾರ್ಬೋಸಾ ಬರೆದ. 1547ರ ಒಪ್ಪಂದ ಗೋವೆಯ ಕುದುರೆಗಳನ್ನೆಲ್ಲ ವಿಜಯನಗರಕ್ಕೇ ಮೀಸಲಿಟ್ಟಿತು. ಇತ್ತ ಅಕ್ಕಿ, ಸಕ್ಕರೆ, ಕಬ್ಬಿಣ, ಮೆಣಸು ಈ ಬಂದರುಗಳನ್ನು ಕಾಪಾಡಿದವು. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರು, ಕುಮಟಾ ತಾಲ್ಲೂಕಿನ ಮಿರ್ಜಾನಿನ ಕೋಟೆ ಎರಡೂ ಮೆಣಸಿನ ಕಾಲಕ್ಕೆ ಸೇರಿದವು.

ಕುದುರೆ ಈ ಬಂದರು ಬಿಟ್ಟರೂ ಅದರ ಕಾಲಿನ ತೊಂದರೆ ಉಳಿಯಿತು. ಕೆಟ್ಟ ರಜ್ಜುವಿನ ಚಿಕಿತ್ಸೆ ಲೋಕದಲ್ಲೆಲ್ಲ ಬಹುಕಾಲ ಒಂದೇ ಜಾಗದಲ್ಲಿ ನಿಂತಿತ್ತು: ಸುಡುವುದು. ಸಿರೆ, ಸ್ನಾಯು, ಸಂಧಿ, ಮೂಳೆಗಳ ನೋವಿಗೆ ಅಗ್ನಿಕರ್ಮವನ್ನು ಸುಶ್ರುತ ಹೇಳಿದ್ದಾನೆ. ಯುರೋಪಿನ ಲಾಯಗಳಲ್ಲೂ ಕಾದ ಕಬ್ಬಿಣವೇ ಔಷಧ. ಬ್ರಿಟನ್ನಿನ ಬ್ರಿಸ್ಟಲ್‌ನ ಸಂಶೋಧಕರು 1983ರಲ್ಲಿ, ಕುದುರೆಯ ರಜ್ಜು ವಾಸಿಯಾಗಲು ಸುಡುವುದರಿಂದ ಲಾಭವಿಲ್ಲವೆಂದು ತೋರಿಸುವವರೆಗೂ ಅದಕ್ಕೆ ಗಟ್ಟಿಯಾದ ಪರೀಕ್ಷೆಯೇ ಆಗಿರಲಿಲ್ಲ. ತೊಂದರೆಯ ಬೇರು ಗಾಯ ಮಾಯುವ ಬಗೆಯಲ್ಲಿದೆ. ಆರೋಗ್ಯವಂತ ರಜ್ಜುವಿನ ನಾರು ಬಹುಪಾಲು ಒಂದನೇ ಬಗೆಯ ಕೊಲಾಜನ್. ಗಾಯ ಮಾಯುವಾಗ ಮೂರನೇ ಬಗೆಯದು ಹೆಚ್ಚಾಗಿ ಸೇರಿ ಅಡ್ಡಾದಿಡ್ಡಿ ಕಲೆಯಾಗುತ್ತದೆ. ಈ ತೇಪೆ ಹಾಕಿದ ಹಗ್ಗ ಬಿಗಿಯಾಗಿರುತ್ತದೆ, ಆದರೆ ಹಿಗ್ಗುವುದಿಲ್ಲ. ತಿಂಗಳುಗಟ್ಟಲೆ ವಿಶ್ರಾಂತಿಯ ನಂತರ ಓಡಿದ ಕುದುರೆ ಅದೇ ಜಾಗದಲ್ಲೋ ಅದರ ಪಕ್ಕದಲ್ಲೋ ಮತ್ತೆ ಕೆಡುತ್ತದೆ. ಬೆಳವಣಿಗೆಗೆ ಪ್ರೇರಣೆ ಕೊಡುವ ಪ್ರೋಟೀನುಗಳನ್ನು ಚುಚ್ಚಿದರೆ ಅವು ಬೇಗ ಕರಗಿಹೋಗುತ್ತವೆ. ಆ ಪ್ರೋಟೀನನ್ನು ಗಾಯದ ಕೋಶಗಳೇ ಕೆಲವು ಕಾಲ ತಯಾರಿಸುವಂತೆ ಮಾಡಲು ಅದರ ಜೀನನ್ನು ಅಲ್ಲಿಗೆ ತಲುಪಿಸುವುದು ಜೀನ್ ಚಿಕಿತ್ಸೆಯ ಹಾದಿ.

ಈ ಹಾದಿಯ ಮುಖ್ಯ ಪ್ರಯೋಗಗಳಲ್ಲಿ ಕುದುರೆಯೇ ಮುಂದಿದೆ. 2009ರಲ್ಲಿ ಅಮೆರಿಕದ ಸಂಶೋಧಕರು ಇನ್ಸುಲಿನ್‌ನಂಥ ಬೆಳವಣಿಗೆ ಅಂಶದ ಜೀನ್ ಸೇರಿಸಿದ ಕಾಂಡಕೋಶಗಳನ್ನು ಕುದುರೆಯ ರಜ್ಜುವಿಗೆ ಚುಚ್ಚಿ, ನಾರಿನ ರಚನೆ ಸುಧಾರಿಸಿದ್ದನ್ನು ಕಂಡರು. ಬರೀ ಕಾಂಡಕೋಶಗಳೂ ಸುಮಾರು ಅಷ್ಟೇ ಫಲ ಕೊಟ್ಟವು ಎಂಬುದೂ ಅದೇ ಪ್ರಯೋಗದ ಪಾಠ. 2017ರಲ್ಲಿ ರಷ್ಯಾದ ಕಜಾನ್ ವಿಶ್ವವಿದ್ಯಾಲಯದ ತಂಡ, ರಕ್ತನಾಳ ಬೆಳೆಸುವ ಒಂದು ಜೀನ್ ಮತ್ತು ನಾರುಕೋಶ ಬೆಳೆಸುವ ಇನ್ನೊಂದು ಜೀನ್ ಎರಡನ್ನೂ ಹೊತ್ತ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರವನ್ನು ಸಹಜವಾಗಿ ಗಾಯಗೊಂಡ ಎರಡು ಕುದುರೆಗಳಿಗೆ ಚುಚ್ಚಿತು. ಎರಡೂ ತಮ್ಮ ಹಿಂದಿನ ದುಡಿಮೆಗೆ ಮರಳಿದವು. ಅದೇ ವರ್ಷ ಸ್ಕಾಟ್ಲೆಂಡಿನ ಗ್ಲಾಸ್ಗೋದ ಮತ್ತು ಅಮೆರಿಕದ ಸಂಶೋಧಕರು ಸೇರಿ, ಮೂರನೇ ಬಗೆಯ ಕೊಲಾಜನನ್ನು ತಡೆಯುವ ಮೈಕ್ರೋಆರ್‌ಎನ್‌ಎ-29ಎ ಎಂಬ ಅಣುವನ್ನು ಕುದುರೆಗೆ ಕೊಟ್ಟು ಗಾಯದ ಗಾತ್ರ ಕುಗ್ಗಿದ್ದನ್ನು ತೋರಿಸಿದರು. ಭರವಸೆಗೆ ಇಲ್ಲಿ ಎಲ್ಲೆಯುಂಟು: ಎರಡು ಕುದುರೆಗಳ ಕಥೆ ಪುರಾವೆಯಾಗದು, ರಜ್ಜುವಿನಲ್ಲಿ ಅತಿಯಾಗಿ ಬೆಳೆದ ರಕ್ತನಾಳ ನೋವನ್ನೂ ದುರ್ಬಲತೆಯನ್ನೂ ತರಬಹುದು, ಮನುಷ್ಯನ ರಜ್ಜುವಿಗೆ ಮಂಜೂರಾದ ಜೀನ್ ಚಿಕಿತ್ಸೆ ಇನ್ನೂ ಒಂದೂ ಇಲ್ಲ.

ಇಲ್ಲಿ ನನ್ನ ವಾದಕ್ಕೆ ಎದುರಾಗುವ ಕೊನೆಯ ಪ್ರಶ್ನೆಯಿದೆ. ಇಂದಿನ ಪಂದ್ಯದ ಕುದುರೆಯೂ ಹಣ ಕೊಟ್ಟು ಕೊಂಡದ್ದೇ. ಅದಕ್ಕೆ ಮಾತ್ರ ಔಷಧ ಯಾಕೆ ಹುಟ್ಟುತ್ತಿದೆ? ವಿಜ್ಞಾನ ಬೆಳೆಯಿತು ಎಂಬುದು ಅರ್ಧ ಉತ್ತರ. ಇನ್ನರ್ಧ, ಈಗ ಕಾಲು ಕೆಟ್ಟರೆ ನಷ್ಟ ಬೇರೆಯವರಿಗೆ ದಾಟುವುದಿಲ್ಲ. ಕುದುರೆಯನ್ನು ಓಡಿಸುವ ಒಡೆಯನೇ, ಅವನ ವಿಮೆಯೇ ಅದನ್ನು ಹೊರಬೇಕು, ಆದ್ದರಿಂದ ವಾಸಿ ಮಾಡುವುದರಲ್ಲಿ ಅವನಿಗೆ ಲಾಭವಿದೆ. ಅರಬ್ಬಿ ಕುದುರೆಯ ಬೆಲೆ ಅಂದೂ ಕಡಿಮೆಯಿರಲಿಲ್ಲ. ಬದಲಾದದ್ದು ಬೆಲೆಯಲ್ಲ, ನಷ್ಟದ ವಿಳಾಸ. ಈ ಮಾತು ಕರಾವಳಿಯ ಮನುಷ್ಯರಿಗೂ ತಗಲುತ್ತದೆ. ಅಡಿಕೆ, ತೆಂಗಿನ ಮರ ಹತ್ತುವವರ ಭುಜ, ಹಿಂದೆ ರಂಪಣಿ ಬಲೆ ಎಳೆದವರ ರಟ್ಟೆ, ಮಂಡಿಯೂರಿ ಸುತ್ತುವ ಬಡಗುತಿಟ್ಟಿನ ಯಕ್ಷಗಾನ ಕಲಾವಿದರ ಮೊಣಕಾಲು, ಎಲ್ಲದರಲ್ಲೂ ದುಡಿಯುವುದು ಇಂಥದೇ ರಜ್ಜು. ಇವರಲ್ಲಿ ನಷ್ಟ ಹೊರುವವರು ಅವರೇ, ಆದರೆ ಸಂಶೋಧನೆಗೆ ಹಣ ಹಾಕುವ ಶಕ್ತಿ ಅವರಿಗಿಲ್ಲ. ಕೂಲಿ ಕೊಡುವವನಿಗೆ ಒಬ್ಬ ಹೋದರೆ ಇನ್ನೊಬ್ಬ ಸಿಗುತ್ತಾನೆ ಎಂಬ ಹಳೆಯ ಅನುಕೂಲ ಇನ್ನೂ ಇದೆ. ಚಿಕಿತ್ಸೆ ಒಂದು ದಿನ ಸಿದ್ಧವಾದೀತು. ಮರ ಹತ್ತುವವನ ಭುಜದವರೆಗೆ ಅದು ತಲುಪಬೇಕಾದರೆ, ಆ ಭುಜ ಕೆಟ್ಟಾಗಿನ ವೆಚ್ಚದಲ್ಲಿ ತೋಟದ ಒಡೆಯನಿಗೂ ಕಾರ್ಮಿಕ ವಿಮೆಗೂ ಸರ್ಕಾರಿ ಆಸ್ಪತ್ರೆಗೂ ಕಾನೂನಿನ ಪಾಲಿರಬೇಕು. ಬದಲಿ ಹುಡುಕುವುದಕ್ಕಿಂತ ವಾಸಿ ಮಾಡುವುದು ಎಲ್ಲರಿಗೂ ಅಗ್ಗವೆನಿಸುವುದು ಆಗ ಮಾತ್ರ.